ಎರವಲು ನಾಲಿಗೆ

ಬಹಳ ಹಿಂದೆ, ಬೆಟ್ಟಗಳು ಮನುಷ್ಯರ ಮಾತನ್ನು ಇನ್ನೂ ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಕುಳಿರಾವತಿ ಎಂಬ ರಾಜ್ಯವಿತ್ತು. ಅಲ್ಲಿ ಚಳಿ ಎಂದರೆ ಚಳಿ. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಮಾತಿಗಿಂತ ಮೊದಲು ಹೊಗೆ ಹೊರಗೆ ಬರುತ್ತಿತ್ತು. ಇನ್ಯಾರಾದರೂ ಆಗಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಯಲುಸೀಮೆಗೆ ಇಳಿದುಬಿಡುತ್ತಿದ್ದರು. ಆದರೆ ಕುಳಿರಾವತಿಯವರು ಸ್ವಲ್ಪ ಹಟದ ಜನ. ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಚಳಿಯ ದಿನವನ್ನೇ ಹುಡುಕಿ ಅದನ್ನೇ ಹಬ್ಬ ಮಾಡಿಕೊಂಡಿದ್ದರು. ಅದಕ್ಕೆ ಕೆಂಡಹಬ್ಬ ಎಂದು ಹೆಸರು.

ಕೆಂಡಹಬ್ಬ ಎಂದಮೇಲೆ ಕೆಂಡರೊಟ್ಟಿ ಆಗಲೇಬೇಕು. ಗೋಧಿಹಿಟ್ಟಿಗೆ ಬೆಲ್ಲ, ತುಪ್ಪ ಸೇರಿಸಿ, ಕಾಳುಮೆಣಸು, ಒಣಶುಂಠಿ, ಜಾಯಿಕಾಯಿ, ಲವಂಗ ಕುಟ್ಟಿ ಹಾಕಿ, ಚೆನ್ನಾಗಿ ನಾದಿ, ಕಂಚಿನ ಪಾತ್ರೆಗೆ ತಟ್ಟಬೇಕು. ಪಾತ್ರೆಯ ಕೆಳಗೆ ಒಂದಿಷ್ಟು ಕೆಂಡ, ಮುಚ್ಚಳದ ಮೇಲೆ ಒಂದಿಷ್ಟು ಕೆಂಡ. ಆಮೇಲೆ ಅವಸರ ಮಾಡದೆ ಕಾಯಬೇಕು. ಮಸಾಲೆ ಹಾಕುವಾಗ ಕೈ ಬಿಗಿ ಹಿಡಿಯುವ ಮನೆಗೆ ಆ ರಾಜ್ಯದಲ್ಲಿ ಹೆಣ್ಣು ಕೊಡುತ್ತಿರಲಿಲ್ಲ. ಒಂದು ತುಂಡು ಬಾಯಿಗಿಟ್ಟರೆ ಕಿವಿ ಬಿಸಿಯಾಗಬೇಕು, ಕಣ್ಣಲ್ಲಿ ನೀರು ತುಂಬಬೇಕು, ಆದರೂ ಕೈ ತಾನಾಗಿ ಇನ್ನೊಂದು ತುಂಡಿಗೆ ಹೋಗಬೇಕು. ಹಾಗಿದ್ದರೆ ಅದು ಕೆಂಡರೊಟ್ಟಿ, ಇಲ್ಲದಿದ್ದರೆ ಬರೀ ರೊಟ್ಟಿ.

ಈ ರೊಟ್ಟಿಗೆ ಒಂದು ಪದ್ಧತಿ ಇತ್ತು. ಹಿಟ್ಟು ಕಲಸಿದವರು ಅದರ ರುಚಿ ನೋಡಬಾರದು. ಪಕ್ಕದ ಮನೆಯವರನ್ನು ಕರೆದು ನೋಡಿಸಬೇಕು. ಅವರು ಚಿಟಿಕೆ ಹಿಟ್ಟು ನಾಲಿಗೆಯ ಮೇಲಿಟ್ಟುಕೊಂಡು, ಶುಂಠಿ ಸಾಲದು, ಮೆಣಸು ಸರಿಯಿದೆ ಎಂದು ಹೇಳಬೇಕು. ಇದಕ್ಕೆ ಎರವಲು ನಾಲಿಗೆ ಎನ್ನುತ್ತಿದ್ದರು. ಏಕೆ ಹೀಗೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ವರ್ಷವೆಲ್ಲ ಬೇಲಿ ಆಚೆಗೊಬ್ಬರು ಈಚೆಗೊಬ್ಬರು ನಿಂತು ಜಗಳವಾಡಿದವರೂ ಹಬ್ಬದ ಮುನ್ನಾದಿನ ರಾಜಿಯಾಗಲೇಬೇಕಿತ್ತು. ಹಬ್ಬಕ್ಕೆ ನಾಲಿಗೆ ಕೊಡುವವರು ಇನ್ನೆಲ್ಲಿ ಸಿಗುತ್ತಾರೆ?

ಹೀಗಿರುವಾಗ ಬಿಳಿಯ ಶಿಖರದ ಮೇಲೆ ಶೀತಕೇತು ಎಂಬ ಮಾಂತ್ರಿಕ ಬಂದು ನೆಲೆಸಿದ. ಅವನು ಊದಿದರೆ ಹರಿಯುವ ಹೊಳೆ ನಿಲ್ಲುತ್ತಿತ್ತು, ಹಾರುವ ಹಕ್ಕಿ ಕಲ್ಲಾಗಿ ಬೀಳುತ್ತಿತ್ತು. ಅವನು ರಾಜನಿಗೆ ಹೇಳಿಕಳುಹಿಸಿದ: ‘ಪ್ರತಿ ವರ್ಷ ಕೆಂಡಹಬ್ಬಕ್ಕೆ ಒಂದು ಮನೆಯಿಂದ ನನಗೆ ರೊಟ್ಟಿ ಬರಬೇಕು. ಬರದಿದ್ದರೆ ನಿಮ್ಮ ರಾಜ್ಯದ ಒಲೆಗಳನ್ನೆಲ್ಲ ಆರಿಸಿಬಿಡುತ್ತೇನೆ.’ ರೊಟ್ಟಿ ಹೋಯಿತು. ಮಾಂತ್ರಿಕ ಒಂದು ತುಂಡು ಮುರಿದು ಅಗಿದು, ‘ಸಪ್ಪೆ’ ಎಂದ. ‘ಹಿಟ್ಟು ಕಲಸಿದವರು ಯಾರು?’ ಎಂದು ಕೇಳಿದ. ‘ನಾನು’ ಎಂದವರ ಮೇಲೆ ಊದಿದ. ಅವರು ನಿಂತಲ್ಲೇ ಮಂಜಿನ ಬೊಂಬೆಯಾದರು.

ಮರುವರ್ಷವೂ ಹಾಗೇ ಆಯಿತು, ಅದರ ಮರುವರ್ಷವೂ ಹಾಗೇ. ರಾಜ ಒಮ್ಮೆ ಸೈನ್ಯ ಕಳುಹಿಸಿ ನೋಡಿದ. ಸೈನ್ಯ ಅಲ್ಲೇ ನಿಂತುಬಿಟ್ಟಿತು, ಕತ್ತಿ ಎತ್ತಿದ್ದು ಎತ್ತಿದ ಹಾಗೇ. ಆಮೇಲೆ ರಾಜ ಯುದ್ಧದ ಮಾತು ಬಿಟ್ಟು, ಹಬ್ಬ ಹತ್ತಿರವಾದಾಗ ಡಂಗುರ ಹೊಡೆಸುವುದೊಂದನ್ನು ಇಟ್ಟುಕೊಂಡ: ‘ಈ ಸಲ ಇನ್ನೂ ಖಾರವಾಗಿ ಮಾಡಿ.’

ಡಂಗುರ ಕೇಳಿ ಜನ ಬಾಗಿಲು ಹಾಕಿಕೊಂಡರು. ಯಾರ ಮನೆಯ ಹದ ಮಾಂತ್ರಿಕನನ್ನು ಗೆಲ್ಲುತ್ತದೋ ಯಾರು ಬಲ್ಲರು? ಪಕ್ಕದವರಿಗೆ ಏಕೆ ತೋರಿಸಬೇಕು? ಎರವಲು ನಾಲಿಗೆ ನಿಂತುಹೋಯಿತು. ಕಲಸಿದವರೇ ರುಚಿ ನೋಡಿದರು, ಸಾಲದು ಎಂದು ಇನ್ನಷ್ಟು ಸುರಿದರು. ಹೀಗೆ ವರ್ಷಗಳು ಉರುಳಿದವು. ಬೊಂಬೆಗಳು ಹೆಚ್ಚುತ್ತಲೇ ಹೋದವು.

ಆ ರಾಜ್ಯದ ಒಂದು ಮೂಲೆಯಲ್ಲಿ ಪದುಮಲೆ ಎಂಬ ಹೆಂಗಸು ಇದ್ದಳು. ಅವಳ ಗಂಡ ಬೊಮ್ಮಣ. ಅವನು ಮಸಾಲೆ ಕುಟ್ಟುವವನು, ಅವಳು ಹಿಟ್ಟು ನಾದುವವಳು. ಅವನಿಗೆ ಮಾತು ಜಾಸ್ತಿ, ಅವಳಿಗೆ ಕೋಪ ಜಾಸ್ತಿ. ಸಂಸಾರ ಚೆನ್ನಾಗಿಯೇ ನಡೆದಿತ್ತು. ಹೋದ ವರ್ಷದ ಸರದಿ ಅವರ ಮನೆಗೆ ಬಂತು. ಪದುಮಲೆ ಮನಸ್ಸಿಟ್ಟು ರೊಟ್ಟಿ ಬೇಯಿಸಿದಳು. ಕಲಸಿದವಳು ತಾನು, ಹೋಗಬೇಕಾದವಳೂ ತಾನೇ ಎಂದುಕೊಂಡು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ರೊಟ್ಟಿಯೂ ಇರಲಿಲ್ಲ, ಗಂಡನೂ ಇರಲಿಲ್ಲ. ಅವನು ತಿರುಗಿ ಬರಲೂ ಇಲ್ಲ.

ಅಂದಿನಿಂದ ಅವಳ ಎದೆಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು. ನನ್ನ ಕೈಯ ರೊಟ್ಟಿಯೇ ಅವರನ್ನು ಬೊಂಬೆ ಮಾಡಿತು. ನಾನು ಇನ್ನೊಂದು ಹಿಡಿ ಮೆಣಸು ಹಾಕಿದ್ದರೆ ಅವರು ಇವತ್ತು ಇಲ್ಲೇ ಕೂತು ತಲೆ ತಿನ್ನುತ್ತಿದ್ದರು. ಅದಕ್ಕೇ ಈ ವರ್ಷ ಡಂಗುರದವನು ಬೀದಿಗೆ ಬಂದಾಗ, ಸರದಿ ಯಾರದೆಂದು ಅವನು ಹೇಳುವ ಮೊದಲೇ ಪದುಮಲೆ ಹೊರಗೆ ಬಂದು, ‘ನಾನು ಹೋಗ್ತೀನಿ’ ಎಂದಳು. ಅವಳಿಗೆ ಗಂಡ ಬೇಕಿತ್ತು. ಸಿಗದಿದ್ದರೆ ಅವನ ಪಕ್ಕದಲ್ಲೇ ಬೊಂಬೆಯಾಗಿ ನಿಲ್ಲುವುದೂ ಆಗಬಹುದಿತ್ತು.

ಹಬ್ಬದ ಮುನ್ನಾದಿನ ಅವಳು ಹಿಟ್ಟು ಕಲಸಿ ರುಚಿ ನೋಡಿದಳು. ಸಪ್ಪೆ. ಲವಂಗ ಸುರಿದು ಮತ್ತೆ ನಾದಿ ನೋಡಿದಳು. ಇನ್ನೂ ಸಪ್ಪೆ. ಶುಂಠಿ ಸುರಿದಳು, ಮತ್ತೂ ಲವಂಗ ಸುರಿದಳು, ನೋಡಿದಳು. ಮಣ್ಣು ತಿಂದ ಹಾಗಿತ್ತು. ಡಬ್ಬಿಯಲ್ಲಿ ಮೆಣಸು ಮುಗಿದಿತ್ತು. ಬೇರೆ ದಾರಿಯಿಲ್ಲದೆ, ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಪಕ್ಕದ ಮನೆಯಲ್ಲಿ ಕಾಳವ್ವ ಎಂಬ ಮುದುಕಿ ಇದ್ದಳು. ಪದುಮಲೆಯ ಬಚ್ಚಲ ನೀರು ಅವಳ ಸೊಪ್ಪಿನ ಮಡಿಗೆ ಹರಿದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಕಾಳವ್ವ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

‘ಏನು?’

‘ಒಂದು ಹಿಡಿ ಮೆಣಸು ಕೊಡಿ ದೊಡ್ಡವ್ವ. ಎಷ್ಟು ಹಾಕಿದ್ರೂ ಸಪ್ಪೆ ಅನ್ನಿಸ್ತಿದೆ.’

ಕಾಳವ್ವನದು ಹಳೆಯ ಕಾಲದ ಕೈ, ತಾನಾಗಿ ಮುಂದೆ ಬಂದು ಪದುಮಲೆಯ ಬೆರಳಿಗೆ ಅಂಟಿದ್ದ ಹಿಟ್ಟನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು. ಮರುಗಳಿಗೆ ಮುದುಕಿ ನೀರಿನ ಹಂಡೆಯ ಹತ್ತಿರ ಓಡಿದಳು. ಮೂರು ಚೊಂಬು ನೀರು ಕುಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದಳು.

‘ಯಾರನ್ನ ಕೊಲ್ಲೋಕೆ ಹೊರಟಿದೀಯೇ? ಇದನ್ನ ತಿಂದ್ರೆ ಎಮ್ಮೆನೂ ಬದುಕಲ್ಲ.’

‘ಇಲ್ಲ ದೊಡ್ಡವ್ವ, ಈಗ್ತಾನೆ ನೋಡ್ದೆ. ಏನೂ ಖಾರ ಇಲ್ಲ.’

‘ನಾಲಿಗೆ ಚಾಚು.’ ಪದುಮಲೆ ಚಾಚಿದಳು. ಕಾಳವ್ವ ಉಗುರಿನಿಂದ ಅದನ್ನು ಚಿವುಟಿದಳು. ‘ನೋವಾಯ್ತಾ?’

ನೋವಾಗಿರಲಿಲ್ಲ.

‘ಮರಗಟ್ಟಿದೆ. ಬೆಳಗಿಂದ ಲವಂಗದ ಹಿಟ್ಟು ನೆಕ್ಕಿದ್ರೆ ಇನ್ನೇನಾಗುತ್ತೆ? ಒಂದು ಸಲ ನೋಡಿದ್ರೆ ಸ್ವಲ್ಪ ಮರಗಟ್ಟುತ್ತೆ, ಸಪ್ಪೆ ಅನ್ನಿಸುತ್ತೆ, ಇನ್ನಷ್ಟು ಹಾಕ್ತೀಯ, ಇನ್ನಷ್ಟು ಮರಗಟ್ಟುತ್ತೆ. ಅದಕ್ಕೇ ಕಣೇ ಹಿಂದಿನೋರು ಪಕ್ಕದ ಮನೆಯವ್ರನ್ನ ಕರೀತಿದ್ದಿದ್ದು. ನಂಗೂ ಈಗ್ಲೇ ಹೊಳೀತು ನೋಡು.’

ಪದುಮಲೆ ಹೊಸಲಿನ ಮೇಲೆಯೇ ಕುಳಿತುಬಿಟ್ಟಳು. ಸಪ್ಪೆ ಎಂದು ಅವಳು ಆಣೆ ಮಾಡಿ ಹೇಳುತ್ತಿದ್ದಳು. ಅಷ್ಟು ಖಚಿತವಾಗಿತ್ತು ಅವಳಿಗೆ. ಹಾಗೆಯೇ ಖಚಿತವಾಗಿ ಇನ್ನೊಬ್ಬನೂ ವರ್ಷವರ್ಷ ಅದೇ ಮಾತು ಹೇಳುತ್ತಿದ್ದಾನಲ್ಲ?

‘ದೊಡ್ಡವ್ವ, ಆ ಮಾಂತ್ರಿಕನ ನಾಲಿಗೆನೂ ಹೀಗೇ ಮರಗಟ್ಟಿದ್ರೆ?’

‘ಇದ್ರೂ ಇರಬಹುದು. ಅವನ ನಾಲಿಗೆ ಚಿವುಟಿ ನೋಡೋರು ಯಾರು?’

‘ನಾನು ಹೋಗ್ತೀನಿ. ನೀವೂ ಬನ್ನಿ. ನಂಗೆ ಎರವಲು ನಾಲಿಗೆ ಬೇಕು.’

ಕಾಳವ್ವ ಬಾಗಿಲನ್ನು ಪೂರ್ತಿ ತೆರೆದಳು. ‘ನಾನು ಲಂಗ ಉಡೋ ವಯಸ್ಸಲ್ಲಿ ನಮ್ಮಕ್ಕ ರೊಟ್ಟಿ ತಗೊಂಡು ಆ ಬೆಟ್ಟ ಹತ್ತಿದ್ಲು. ತಲೆ ಬಾಚಿ ಜಡೆ ಹಾಕ್ತಿದ್ದೋಳು ಅವ್ಳೇ. ನಡಿ, ಬರ್ತೀನಿ. ಆದ್ರೆ ಬಚ್ಚಲ ನೀರಿನ ವಿಷಯ ನಾನು ಮರ್ತಿಲ್ಲ’ ಎಂದಳು.

ಇಬ್ಬರೂ ಸೇರಿ ಹೊಸದಾಗಿ ಹಿಟ್ಟು ಕಲಸಿದರು. ಪದುಮಲೆ ನಾದಿದಳು, ಕಾಳವ್ವ ನಾಲಿಗೆ ಕೊಟ್ಟಳು. ‘ಲವಂಗ ಸಾಕು. ಶುಂಠಿ ಇನ್ನೊಂದು ಚಿಟಿಕೆ. ಮೆಣಸು ಬೀಳಲಿ, ಬೀಳಲಿ, ಹಾಂ, ನಿಲ್ಲಿಸು.’ ಬೇಯಿಸಿದ ರೊಟ್ಟಿ ಬೆಟ್ಟ ಹತ್ತುವುದರೊಳಗೆ ತಣ್ಣಗಾಗಿ ಹಲಗೆಯಾಗುತ್ತದೆ ಎಂದು ಹಿಟ್ಟನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಚಿನ ಪಾತ್ರೆಯಲ್ಲಿಟ್ಟುಕೊಂಡರು. ಮಣ್ಣಿನ ಗಡಿಗೆಯಲ್ಲಿ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಬೆಚ್ಚಗೆ ಮಾಡಿಕೊಂಡರು. ದಾರಿಗೆ ಇರಲಿ ಎಂದು ಕಾಳವ್ವ ಬೆಲ್ಲ, ತುಪ್ಪ, ಒಂದು ಚೊಂಬು ಎತ್ತಿಕೊಂಡು, ಮಸಾಲೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಬ್ಬದ ಬೆಳಿಗ್ಗೆ ಇಬ್ಬರೂ ಬೆಟ್ಟ ಹತ್ತತೊಡಗಿದರು.

ಬೆಟ್ಟದ ಬುಡದಲ್ಲಿ ಮಂಜಿನ ಹುಲಿಯೊಂದು ಅಡ್ಡ ನಿಂತಿತು. ಅದರ ಮೈ ಮಂಜು, ಪಟ್ಟೆ ಮಂಜು, ಮೀಸೆಯೂ ಮಂಜು. ಹಲ್ಲು ಮಾತ್ರ ನಿಜವಾದ ಹಲ್ಲು.

‘ಶೀತಕೇತುವಿನ ಅಪ್ಪಣೆ ರೊಟ್ಟಿ ತರುವ ಒಬ್ಬರಿಗೆ ಮಾತ್ರ, ಇಬ್ಬರು ಹೋಗುವಂತಿಲ್ಲ’ ಎಂದಿತು ಹುಲಿ. ‘ಮೊದಲು ಯಾರನ್ನು ತಿನ್ನಲಿ?’

‘ನನ್ನ ತಿನ್ನಪ್ಪ’ ಎಂದಳು ಕಾಳವ್ವ. ‘ಆದ್ರೆ ನಾನು ಮುದುಕಿ, ವಾಸನೆ ಗೀಸನೆ ಇರುತ್ತೆ. ಮೂಸಿ ನೋಡಿ ತಿನ್ನು.’

ಹುಲಿ ಮೂಗು ಮುಂದೆ ಚಾಚಿತು. ಕಾಳವ್ವ ಮೆಣಸಿನ ಪುಡಿಯನ್ನೆಲ್ಲ ಅದರ ಮೂಗಿಗೆ ಊದಿಬಿಟ್ಟಳು. ಹುಲಿ ಸೀನಿತು. ಸೀನಿದ ರಭಸಕ್ಕೆ ಅದರ ಬಾಲ ಹಾರಿಹೋಯಿತು. ಮತ್ತೆ ಸೀನಿತು, ಪಟ್ಟೆಗಳು ಹಾರಿಹೋದವು. ಮತ್ತೂ ಸೀನಿತು, ಹಲ್ಲುಗಳು ಉದುರಿ ಬಿದ್ದು ಮೈಯೆಲ್ಲ ಗಾಳಿಗೆ ಚದುರಿತು. ಉಳಿದದ್ದು ಅಂಗೈಯಗಲದ ಒಂದು ಬಿಳಿ ಬೆಕ್ಕಿನ ಮರಿ. ಅದು ಮಿಯಾಂವ್ ಎಂದು ಪೊದೆಯೊಳಗೆ ಓಡಿತು. ‘ಪಾಪ’ ಎಂದಳು ಪದುಮಲೆ. ‘ಪಾಪ ಅಂತೆ’ ಎಂದಳು ಕಾಳವ್ವ.

ಬೆಟ್ಟದ ನಡುವಿನಲ್ಲಿ ಹಿಮದ ಹಾವೊಂದು ದಾರಿಗೆ ಅಡ್ಡಲಾಗಿ ಮಲಗಿತ್ತು. ಅದರ ತಲೆ ಎಲ್ಲಿದೆ, ಬಾಲ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಹತ್ತಲು ಹೋದರೆ ಜಾರುತ್ತಿತ್ತು. ಸುತ್ತಿ ಹೋಗಲು ಎರಡೂ ಕಡೆ ಕಣಿವೆ. ಕಾಳವ್ವ ಕಲ್ಲೆತ್ತಿ ಹೊಡೆದಳು, ಕಲ್ಲೇ ಒಡೆಯಿತು. ಆಗ ಎಲ್ಲಿಂದಲೋ ಒಂದು ದನಿ ಕೇಳಿಸಿತು.

‘ಹೊಡೀಬೇಡಿ ತಾಯಿ. ಸರೀಬೇಕು ಅಂತ ನಂಗೂ ಆಸೆ. ಈ ಸಲದ ಚಳಿಗೆ ಮೈ ಸೆಟೆದುಹೋಗಿದೆ, ಅಲ್ಲಾಡೋಕಾಗಲ್ಲ.’

ಪದುಮಲೆಗೆ ಅಯ್ಯೋ ಅನ್ನಿಸಿತು. ಗಡಿಗೆಯ ಬೂದಿ ಕೆದಕಿ ಕೆಂಡ ತೆಗೆದಳು. ಮಂಜು ಕರಗಿಸಿ ನೀರು ಮಾಡಿ, ಚೀಲದಲ್ಲಿದ್ದ ಒಣಶುಂಠಿಯನ್ನೆಲ್ಲ ಜಜ್ಜಿ ಹಾಕಿ, ಬೆಲ್ಲದ ಚೂರು ಸೇರಿಸಿ ಕಷಾಯ ಕುದಿಸಿದಳು. ದನಿ ಬಂದ ಕಡೆ ಹುಡುಕುತ್ತ ಹೋದರೆ ಬಂಡೆಯ ಸಂದಿಯಲ್ಲಿ ತಲೆ ಸಿಕ್ಕಿತು. ಬಾಯಿಗೆ ಕಷಾಯ ಹೊಯ್ದಳು. ಹಾವು ಗುಟುಕರಿಸಿತು, ನಡುಗಿತು, ಆಮೇಲೆ ಸುಖವಾಗಿ ನಿಟ್ಟುಸಿರು ಬಿಟ್ಟು, ಸರಸರನೆ ಸುರುಳಿ ಸುತ್ತಿಕೊಂಡು ದಾರಿ ಬಿಟ್ಟಿತು. ಕೆಂಡ ಮಾತ್ರ ಅರ್ಧಕ್ಕಿಳಿದಿತ್ತು. ಪದುಮಲೆ ಉಳಿದದ್ದಕ್ಕೆ ಬೇಗಬೇಗ ಬೂದಿ ಮುಚ್ಚಿದಳು.

ಬೆಟ್ಟದ ತುದಿಯಲ್ಲಿ ಮಾಂತ್ರಿಕನ ಹಿಮದ ಅರಮನೆ. ಅದರ ಬಾಗಿಲ ಮೇಲೆ ಒಂದು ದೊಡ್ಡ ಗೂಬೆ ಕುಳಿತಿತ್ತು. ಅದರ ತಲೆಯ ಸುತ್ತಲೂ ಕಣ್ಣು, ಒಂದಕ್ಕೂ ರೆಪ್ಪೆಯಿಲ್ಲ. ಅಪ್ಪಣೆಯಿಲ್ಲದವರು ಬಾಗಿಲು ಮುಟ್ಟಿದರೆ ಅದು ಕೂಗಬೇಕು, ಅದು ಕೂಗಿದರೆ ಬಾಗಿಲ ಮೇಲಿನ ಹಿಮವೆಲ್ಲ ಅವರ ಮೇಲೆ ಬೀಳಬೇಕು, ಹಾಗೆ ಕಟ್ಟಳೆ.

‘ನಿದ್ದೆ ಮಾಡಿ ಎಷ್ಟು ದಿನ ಆಯ್ತಪ್ಪ?’ ಎಂದು ಪದುಮಲೆ ಕೆಳಗಿನಿಂದಲೇ ಕೇಳಿದಳು.

‘ಮೊಟ್ಟೆ ಒಡೆದು ಬಂದಮೇಲೆ ಮಾಡೇ ಇಲ್ಲ’ ಎಂದಿತು ಗೂಬೆ. ಅದರ ದನಿಯಲ್ಲಿ ಅಳು ಇತ್ತು.

ಅಳುವ ಕೂಸಿಗೆ ನಿದ್ದೆ ಬರಿಸುವುದು ಹೇಗೆಂದು ಯಾವ ಮನೆಯವರಿಗೆ ಗೊತ್ತಿಲ್ಲ? ಕಾಳವ್ವ ಜಾಯಿಕಾಯಿಯನ್ನು ಕಲ್ಲಿನ ಮೇಲೆ ತೇದು, ತುಪ್ಪದಲ್ಲಿ ಕಲಸಿ, ಕೋಲಿನ ತುದಿಗೆ ಹಚ್ಚಿ ಮೇಲೆ ಚಾಚಿದಳು. ಗೂಬೆ ನೆಕ್ಕಿತು, ಆಕಳಿಸಿತು. ಒಂದೊಂದೇ ಕಣ್ಣು ಮಂಕಾಯಿತು. ಕೊನೆಗೆ ರೆಕ್ಕೆಯೊಳಗೆ ತಲೆ ಹುದುಗಿಸಿ ಗೊರಕೆ ಹೊಡೆಯತೊಡಗಿತು. ಇಬ್ಬರೂ ಸದ್ದಿಲ್ಲದೆ ಒಳಗೆ ಹೋದರು.

ಒಳಗೆ ಸಾಲುಸಾಲು ಬೊಂಬೆಗಳು. ಕತ್ತಿ ಎತ್ತಿದ ಸೈನಿಕರನ್ನು ಬಿಟ್ಟರೆ ಎಲ್ಲರ ಕೈಯೂ ರೊಟ್ಟಿ ಹಿಡಿದ ಹಾಗೆ ಮುಂದೆ ಚಾಚಿತ್ತು. ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ಬೊಮ್ಮಣ ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಎದೆಯ ಮೇಲಿತ್ತು. ಪದುಮಲೆ ಅವನ ಕೆನ್ನೆ ಮುಟ್ಟಿ ನೋಡಿದಳು. ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಅವಳಿಗೆ ದುಃಖ ಒತ್ತರಿಸಿ ಬಂತು. ಆದರೆ ಗಡಿಗೆಯ ಕೆಂಡ ಕಾಯುವುದಿಲ್ಲ ಎಂದು ನುಂಗಿಕೊಂಡಳು.

ಸಿಂಹಾಸನದ ಮೇಲೆ ಶೀತಕೇತು ಕುಳಿತಿದ್ದ. ಗಡ್ಡದಲ್ಲಿ ಹಿಮದ ಕಡ್ಡಿಗಳು ತೂಗುತ್ತಿದ್ದವು. ಒಂದು ಕೆನ್ನೆ ಊದಿಕೊಂಡಿತ್ತು. ಪಕ್ಕದಲ್ಲಿ ಬೆಳ್ಳಿಯ ಡಬ್ಬಿ. ಅದರಿಂದ ಏನನ್ನೋ ತೆಗೆದು ಬಾಯಿಗೆ ಹಾಕುತ್ತಿದ್ದ, ಅಗಿಯುತ್ತಿದ್ದ, ಮತ್ತೆ ತೆಗೆದು ಹಾಕುತ್ತಿದ್ದ. ಆ ಡಬ್ಬಿಯ ವಾಸನೆ ಬಾಗಿಲವರೆಗೂ ಹೊಡೆಯುತ್ತಿತ್ತು. ಲವಂಗ. ಪದುಮಲೆ ಕಾಳವ್ವನ ಮುಖ ನೋಡಿದಳು, ಕಾಳವ್ವ ತಲೆಯಾಡಿಸಿದಳು.

‘ರೊಟ್ಟಿ ಎಲ್ಲಿ?’ ಎಂದ ಶೀತಕೇತು.

‘ಇಲ್ಲೇ ಬೇಯಿಸಿ ಬಿಸಿಯಾಗಿ ಕೊಡ್ತೀನಿ, ಸ್ವಾಮಿ’ ಎಂದು ಪದುಮಲೆ ನೆಲದ ಮೇಲೆ ಕುಳಿತು, ಹಿಟ್ಟು ತಟ್ಟಿ, ಕೆಳಗೆ ಕೆಂಡ ಹರಡಿ, ಮುಚ್ಚಳ ಮುಚ್ಚಿ, ಮೇಲೂ ಕೆಂಡ ಇಟ್ಟಳು. ಆ ಅರಮನೆಯಲ್ಲಿ ಅದುವರೆಗೆ ಬೆಂಕಿ ಎಂಬುದು ಬಂದಿರಲಿಲ್ಲ. ತುಪ್ಪ ಕಾಯಿತು, ಬೆಲ್ಲ ಕರಗಿತು, ಮಸಾಲೆಯ ಘಮ ಎದ್ದು ಹಿಮದ ಕಂಬಗಳನ್ನು ಸುತ್ತತೊಡಗಿತು.

ಶೀತಕೇತು ಅಗಿಯುವುದನ್ನು ನಿಲ್ಲಿಸಿದ. ಅವನ ನಾಲಿಗೆ ಸತ್ತಿತ್ತು, ಮೂಗು ಸತ್ತಿರಲಿಲ್ಲ. ಅವನು ಒಂದು ಮೆಟ್ಟಿಲು ಇಳಿದು ಕೇಳಿದ: ‘ಆಯಿತೇ?’

‘ಇನ್ನೂ ಇಲ್ಲ.’

ಇನ್ನೊಂದು ಮೆಟ್ಟಿಲು ಇಳಿದ. ‘ಆಯಿತೇ?’

‘ಅಡಿ ಬೆಂದಿದೆ, ಮೇಲೆ ಬೇಯಬೇಕು.’

ಮತ್ತೊಂದು ಮೆಟ್ಟಿಲು ಇಳಿದು ಪಾತ್ರೆಯ ಎದುರಿಗೇ ಬಂದು ಕುಕ್ಕರಗಾಲಲ್ಲಿ ಕುಳಿತ. ‘ಈಗಲಾದರೂ ಆಯಿತೇ?’

‘ಆಯ್ತು. ಆದ್ರೆ ಬಾಯಲ್ಲಿರೋ ಲವಂಗ ಉಗಿದು, ಬಿಸಿನೀರಲ್ಲಿ ಮುಕ್ಕಳಿಸಿ, ನಾಲಿಗೆಗೆ ಜೀವ ಬರೋವರೆಗೂ ಕಾಯಬೇಕು. ಆಮೇಲೆ ತಿಂದು ಖಾರನೋ ಸಪ್ಪೆನೋ ಹೇಳಿ. ನಮ್ಮ ಕಡೆ ಲವಂಗ ಅಗಿದೋರ ಮಾತು ಲೆಕ್ಕಕ್ಕಿಲ್ಲ.’

ಮಾಂತ್ರಿಕನ ಹುಬ್ಬು ಗಂಟಿಕ್ಕಿತು. ‘ನನಗೇ ಕಟ್ಟಳೆ ಹೇಳುತ್ತೀಯಾ? ಹಿಟ್ಟು ಕಲಸಿದವರು ಯಾರು?’

‘ನಾನು’ ಎಂದಳು ಪದುಮಲೆ. ‘ಊದೋದಾದ್ರೆ ಊದಿ. ರೊಟ್ಟಿ ಮಾತ್ರ ಹಾಗೇ ತಣ್ಣಗಾಗುತ್ತೆ. ನಿಮ್ಮ ಬಾಯಿಗೆ ಇವತ್ತೂ ಮಣ್ಣೇ ಗತಿ.’

ಶೀತಕೇತು ಊದಲು ಕೆನ್ನೆ ಉಬ್ಬಿಸಿದ. ಅಷ್ಟರಲ್ಲಿ ಕಾಳವ್ವ ಮುಚ್ಚಳದ ಅಂಚನ್ನು ಸ್ವಲ್ಪ ಎತ್ತಿದಳು. ಘಮ ನೇರವಾಗಿ ಅವನ ಮೂಗಿಗೆ ಹೋಯಿತು. ಉಬ್ಬಿದ ಕೆನ್ನೆ ಇಳಿಯಿತು. ಅವನು ಬಾಯಲ್ಲಿದ್ದ ಲವಂಗವನ್ನು ಉಗಿದು, ಕಾಳವ್ವ ಕೆಂಡದ ಮೇಲೆ ಕಾಯಿಸಿ ಕೊಟ್ಟ ಬಿಸಿನೀರಲ್ಲಿ ಮುಕ್ಕಳಿಸಿ, ಮಗುವಿನ ಹಾಗೆ ಕಾಯುತ್ತ ಕುಳಿತ.

ನಾಲಿಗೆಗೆ ಮೆಲ್ಲಗೆ ಜೀವ ಬಂತು. ನಾಲಿಗೆಗಿಂತ ಮೊದಲು ಹಲ್ಲಿಗೆ ಬಂತು. ಶೀತಕೇತು ಕೆನ್ನೆ ಹಿಡಿದುಕೊಂಡು ಎಂಥ ಕೂಗು ಕೂಗಿದನೆಂದರೆ ಚಾವಣಿಯ ಹಿಮ ಬಿರುಕು ಬಿಟ್ಟಿತು. ನೆಲದ ಮೇಲೆ ಹೊರಳಾಡಿದ. ಕೈ ತಡಕಾಡುತ್ತ ಬೆಳ್ಳಿ ಡಬ್ಬಿಯ ಕಡೆ ಹೋಯಿತು.

‘ಹಲ್ಲುನೋವು’ ಎಂದಳು ಕಾಳವ್ವ. ‘ಇಷ್ಟೇನಾ? ಇದಕ್ಕೇನಾ ಇಷ್ಟು ವರ್ಷದಿಂದ ಲವಂಗ ಅಗೀತಿರೋದು? ಬಾಯಿ ತೆಗಿ, ನೋಡೋಣ.’

ಮಾಂತ್ರಿಕ ಬಾಯಿ ತೆರೆದ. ಹಿಂದಿನ ದವಡೆಹಲ್ಲಿನ ಕುಳಿಯಲ್ಲಿ ನೀಲಿಯ ಮಂಜಿನ ಹರಳೊಂದು ಹೊಳೆಯುತ್ತಿತ್ತು. ಬೇರೆ ಮಾಂತ್ರಿಕರು ತಮ್ಮ ಜೀವವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಇಡುತ್ತಾರೆ. ಇವನು ಸೋಮಾರಿ, ಅಷ್ಟು ದೂರ ಹೋಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಚಳಿಯ ಶಕ್ತಿಯೆಲ್ಲ ತನ್ನದಾಗಬೇಕೆಂದು, ಬೆಂಕಿ ತಾಗದೆ ಕರಗದ ಆ ಹರಳನ್ನು ತನ್ನ ಹಲ್ಲಿನೊಳಗೇ ಬಚ್ಚಿಟ್ಟುಕೊಂಡಿದ್ದ. ಅಂದಿನಿಂದ ಹಲ್ಲು ಝುಮ್ಮೆನ್ನುತ್ತಿತ್ತು, ಅಂದಿನಿಂದ ಲವಂಗ.

‘ಕಿತ್ತು ಹಾಕ್ಲಾ?’ ಎಂದಳು ಕಾಳವ್ವ.

‘ಕಿತ್ತರೆ ಶಕ್ತಿ ಹೋಗುತ್ತದೆ. ಆಮೇಲೆ ನಾನು ಬರೀ ಒಬ್ಬ ಮುದುಕ’ ಎಂದ ಶೀತಕೇತು.

‘ಬರೀ ಮುದುಕರಾದ್ರೆ ಏನೀಗ? ಊರ ತುಂಬ ಇದಾರೆ, ಚೆನ್ನಾಗೇ ಇದಾರೆ’ ಎಂದಳು ಪದುಮಲೆ. ‘ಶಕ್ತಿ ಇಟ್ಕೊಂಡು ಏನು ಸುಖಪಟ್ರಿ? ಕಟ್ಟಳೆ ಹಾಕಿ ರೊಟ್ಟಿ ತರಿಸ್ಕೊಂಡ್ರಿ. ಒಂದರ ರುಚಿನಾದ್ರೂ ಗೊತ್ತಾಯ್ತಾ?’

ಅವನು ಡಬ್ಬಿಯನ್ನು ನೋಡಿದ, ಪಾತ್ರೆಯನ್ನು ನೋಡಿದ. ಕೆಂಡ ಬೂದಿಯಾಗುತ್ತ ಬಂದಿತ್ತು. ಪದುಮಲೆ ಮುಚ್ಚಳವನ್ನು ಪೂರ್ತಿಯಾಗಿ ತೆಗೆದಳು. ಕಂದು ಬಣ್ಣಕ್ಕೆ ತಿರುಗಿದ ಕೆಂಡರೊಟ್ಟಿ ಅಂಚು ಬಿಟ್ಟು, ತುಪ್ಪ ಬಿಟ್ಟು, ಉಬ್ಬಿ ಕುಳಿತಿತ್ತು. ಶೀತಕೇತು ಕಣ್ಣು ಮುಚ್ಚಿ ಬಾಯಿ ತೆರೆದ.

ಕಾಳವ್ವ ಸೆರಗಿನಿಂದ ನೂಲು ಎಳೆದು ಹಲ್ಲಿಗೆ ಬಿಗಿದಳು. ಊರಿನ ಅರ್ಧ ಮಕ್ಕಳ ಹಾಲುಹಲ್ಲು ಕಿತ್ತ ಕೈ ಅದು. ‘ಅಲ್ಲಿ ನೋಡು, ಗೂಬೆ ಎದ್ತು’ ಎಂದಳು. ಅವನು ಅತ್ತ ತಿರುಗಿದ. ಅವಳು ಎಳೆದಳು. ಹಲ್ಲು ಚಿಮ್ಮಿ ಬಂದು ಉಳಿದಿದ್ದ ಕೆಂಡದ ಮೇಲೆ ಬಿತ್ತು, ಚುಂಯ್ ಎಂದಿತು, ಹರಳು ಕರಗಿ ಆವಿಯಾಯಿತು.

ಅರಮನೆಯ ಗೋಡೆಗಳು ತೊಟ್ಟಿಕ್ಕತೊಡಗಿದವು. ದೂರದ ಮೂಲೆಯಿಂದ ಬೊಂಬೆಗಳು ಒಂದೊಂದಾಗಿ ಅಲುಗಿದವು. ಸೈನಿಕರು ಎತ್ತಿದ ಕತ್ತಿ ಇಳಿಸಿ, ತೋಳು ನೋಯುತ್ತದೆ ಎಂದು ಗೊಣಗಿದರು. ಮೊದಲ ಸಾಲಿನಿಂದ ಒಬ್ಬ ಹುಡುಗಿ, ಇಪ್ಪತ್ತು ದಾಟದವಳು, ಕಣ್ಣುಜ್ಜಿಕೊಂಡು ಬಂದು ಕಾಳವ್ವನ ಎದುರು ನಿಂತಳು. ಮುದುಕಿಯ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿದಳು.

‘ಕಾಳಿ? ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತೇ? ಬೆಳ್ಳಗಾಗಿಹೋಗಿದೆ ನೋಡು. ಕೂತ್ಕೋ, ಬಾಚ್ತೀನಿ.’

‘ಹೂಂ ಅಕ್ಕ’ ಎಂದು ಕಾಳವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅವಳು ಅತ್ತದ್ದನ್ನು ಪದುಮಲೆ ಅದೇ ಮೊದಲು ನೋಡಿದ್ದು.

ಕೊನೆಗೆ ಬೊಮ್ಮಣನ ಸರದಿ ಬಂತು. ಮೊದಲು ರೆಪ್ಪೆ ಅಲುಗಿತು, ಆಮೇಲೆ ತುಟಿ. ವರ್ಷ ಕಳೆದದ್ದು ಅವನಿಗೆ ಗೊತ್ತಿರಲಿಲ್ಲ. ಎದುರಿಗೆ ಇರುವುದು ಮಾಂತ್ರಿಕ ಎಂದೇ ತಿಳಿದು, ನಿಂತುಹೋಗಿದ್ದ ಮಾತನ್ನು ನಿಂತಲ್ಲಿಂದಲೇ ಮುಂದುವರಿಸಿದ.

‘ನಾನೇ ಸ್ವಾಮಿ, ನಾನೇ ಕಲಸಿದ್ದು. ಮನೇಲಿ ಬೇರೆ ಯಾರೂ ಇಲ್ಲ. ಹೆಂಡತಿ ಗಿಂಡತಿ ಯಾರೂ ಇಲ್ಲ. ನಾನೊಬ್ನೇ.’

ಪದುಮಲೆ ಕೇಳುತ್ತ ನಿಂತಳು. ವರ್ಷವೆಲ್ಲ ಅವಳ ಎದೆಯಲ್ಲಿ ಕುಟ್ಟುತ್ತಿದ್ದ ಮಾತು ಸದ್ದಿಲ್ಲದೆ ನಿಂತಿತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ ಬಿಸಿ ರೊಟ್ಟಿ ಮುರಿದು ಅವನ ಬಾಯಿಗೆ ತುರುಕಿದಳು. ಬೊಮ್ಮಣ ಅಗಿದ. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ಹೆಂಡತಿಯ ಗುರುತು ಹಿಡಿದ. ಏನೂ ಹೇಳದೆ ಇನ್ನೊಂದು ತುಂಡಿಗೆ ಕೈ ಚಾಚಿದ. ಮಾತು ಜಾಸ್ತಿಯಿದ್ದ ಮನುಷ್ಯ ಆ ದಿನ ಅಷ್ಟು ಹೊತ್ತು ಸುಮ್ಮನಿದ್ದದ್ದು ಒಂದು ದೊಡ್ಡ ಅದ್ಭುತ.

ರೊಟ್ಟಿ ಎಲ್ಲರಿಗೂ ಚೂರುಚೂರು ಹಂಚಿಹೋಯಿತು. ಶೀತಕೇತುವಿಗೂ ಒಂದು ಚೂರು ಸಿಕ್ಕಿತು. ಅವನು ಒಳ್ಳೆಯ ಕಡೆಯ ದವಡೆಯಲ್ಲಿ ಅಗಿದು, ಬಹಳ ಹೊತ್ತು ಕಣ್ಣು ಮಿಟುಕಿಸಿ, ‘ಖಾರ’ ಎಂದ. ಆಮೇಲೆ ನಿಂತಿದ್ದವರೆಲ್ಲರ ಮುಂದೆ ತಲೆ ತಗ್ಗಿಸಿದ. ಅವನನ್ನು ಹೊಡೆಯಬೇಕೆಂದು ಕೆಲವರು ಕೈ ಎತ್ತಿದರು. ಆದರೆ ಅವನು ಚಳಿಗೆ ಗಡಗಡ ನಡುಗುತ್ತಿದ್ದ. ನಡುಗುವವರನ್ನು ಹೊಡೆಯುವುದು ಕುಳಿರಾವತಿಯವರಿಗೆ ತಿಳಿಯದು. ಒಂದು ಕಂಬಳಿ ಹೊದಿಸಿ, ಊರ ಒಲೆಗಳಿಗೆಲ್ಲ ಸೌದೆ ಒಡೆಯುವ ಕೆಲಸ ಕೊಟ್ಟು ಕರೆದುಕೊಂಡು ಬಂದರು.

ಅಂದಿನಿಂದ ಆ ರಾಜ್ಯದಲ್ಲಿ ಹಬ್ಬದ ಮುನ್ನಾದಿನ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ರಾಜ ಡಂಗುರ ನಿಲ್ಲಿಸಿದ. ಅಕ್ಕ ತಂಗಿಯ ಬಿಳಿಯ ಜಡೆಗೆ ದಿನಾ ಹೂ ಮುಡಿಸಿದಳು. ಬಚ್ಚಲ ನೀರಿನ ಜಗಳವೂ ಮುಗಿಯಿತು, ಬೊಮ್ಮಣನೇ ಕಾಲುವೆ ತೋಡಿಕೊಟ್ಟ. ಎಲ್ಲರ ಮನೆಯಲ್ಲೂ ಒಲೆ ಉರಿಯಿತು, ಎಲ್ಲರೂ ಬೆಚ್ಚಗೆ ಉಂಡು ಬೆಚ್ಚಗೆ ಮಲಗಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಬೆಟ್ಟ ಇಳಿಯುವಾಗ ಬೊಮ್ಮಣ ಕಂಚಿನ ಪಾತ್ರೆ ಹೊತ್ತುಕೊಂಡು ಮುಂದೆ ನಡೆಯುತ್ತಿದ್ದ. ಪದುಮಲೆ ಹಿಂದಿನಿಂದ ಕೇಳಿದಳು: ‘ಮನೇಲಿ ಯಾರೂ ಇಲ್ಲ ಅಂದ್ರಲ್ಲ. ಮತ್ತೆ ಅಷ್ಟು ಬೇಗಬೇಗ ಯಾರ ಮನೆಗೆ ಹೋಗ್ತಿದೀರಿ?’

ಅವನು ನಿಂತು, ಅವಳು ಬಂದು ಜೊತೆಯಾಗುವವರೆಗೂ ಕಾದ.

‘ನಿನ್ನ ಮನೆಗೆ’ ಎಂದ.